ಹನ್ನೊಂದನೆಯ ಸಾಲಿನ ಮನೆ

ಬೀರುವಿಗೆ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ತೆಗೆದು ನೋಡಿದರೆ ಕೆಳಗಿನ ಹಲಗೆ ಖಾಲಿ. ಹದಿನಾಲ್ಕು ಕುಟುಂಬಗಳ ಊಟದ ಡೈರಿಗಳನ್ನು ಹಿಂದಿನ ದಿನ ನಾನೇ ಎಣಿಸಿ ಅಲ್ಲಿಟ್ಟಿದ್ದೆ. ಗುರುವಾರ ಬೆಳಿಗ್ಗೆ ಒಂದೂ ಇರಲಿಲ್ಲ.

ನಾನು ಆ ಆರೋಗ್ಯ ಕೇಂದ್ರದ ಗುಮಾಸ್ತ. ಪ್ರತಿ ಬುಧವಾರ ಮಧ್ಯಾಹ್ನ ಪೋಷಣೆಯ ಮೇಡಂ ಸುತ್ತಲಿನ ಬೀದಿಗಳ ಕುಟುಂಬಗಳಿಗೆ ಪಾಠ ಮಾಡುತ್ತಿದ್ದರು. ತಟ್ಟೆಯಲ್ಲಿ ಧಾನ್ಯ ಎಷ್ಟಿರಬೇಕು, ಸೊಪ್ಪು ಎಷ್ಟಿರಬೇಕು, ತೂಕ ಏರದ ಮಗುವಿಗೆ ಏನು ಕೊಡಬೇಕು, ಇಂಥವು. ಮನೆಗೊಬ್ಬರು ಬಂದರೆ ಸಾಕಿತ್ತು. ಪಾಠ ಮುಗಿದ ಮೇಲೆ ಅಲ್ಲೇ ಬೇಯಿಸಿದ್ದನ್ನು ಎಲ್ಲರೂ ಕೂತು ಉಣ್ಣುತ್ತಿದ್ದರು. ಮನೆಯಲ್ಲಿ ವಾರವಿಡೀ ಯಾರು ಏನು ತಿಂದರು, ಯಾರು ಏನು ಬೇಡವೆಂದರು ಎಂಬುದನ್ನು ಡೈರಿಯಲ್ಲಿ ಬರೆದು ತರಬೇಕಿತ್ತು.

ಆ ಬುಧವಾರದ ಪಾಠದಲ್ಲಿ ಮೇಡಂ ಒಂದು ಮಾತು ಹೇಳಿದ್ದರು. "ಎಲ್ಲಾ ಡೈರೀನೂ ಇನ್ನೊಂದ್ಸಲ ಓದಿ, ಚೆನ್ನಾಗಿರೋ ಮನೆ ಯಾವುದು ಅಂತ ನಾಳೆ ಹೇಳ್ತೀನಿ. ಶನಿವಾರ ನಾವೆಲ್ಲಾ ಅವರ ಮನೆಗೇ ಹೋಗಿ ಅಡುಗೆ ಮಾಡೋಣ." ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಬೀಗದ ಕೈಯ ಜವಾಬ್ದಾರಿ ಆಯಾಳದು. ಅವಳ ಮನೆಯ ಡೈರಿ ಎಲ್ಲಕ್ಕಿಂತ ಕೆಟ್ಟದಾಗಿತ್ತು. "ಇದನ್ನ ಒಲೆಗೆ ಹಾಕ್ಬೇಕು" ಎಂದು ಅವಳು ಬುಧವಾರ ಗೊಣಗಿದ್ದನ್ನು ನಾಲ್ಕು ಜನ ಕೇಳಿಸಿಕೊಂಡಿದ್ದರು. ಡಾಕ್ಟರಿಗೆ ಅಷ್ಟು ಸಾಕಾಯಿತು.

"ಶನಿವಾರದೊಳಗೆ ಡೈರಿ ಬರ್ಬೇಕು. ಇಲ್ಲಾಂದ್ರೆ ಸೋಮವಾರದಿಂದ ನೀನು ಬರ್ಬೇಡ."

ಗಂಡನಿಲ್ಲದೆ ಇಬ್ಬರು ಮಕ್ಕಳನ್ನು ಸಾಕುತ್ತಿದ್ದ ಹೆಂಗಸು ಅವಳು. ನನ್ನ ಮೇಜಿನ ಅಂಚು ಹಿಡಿದು ನಿಂತಳು. "ಗುಮಾಸ್ತರೇ, ಕೆಲಸ ಹೋದ್ರೆ ಇನ್ನೊಂದು ಹುಡುಕ್ಕೋತೀನಿ. ಕಳ್ಳಿ ಅನ್ನೋ ಹೆಸರು ಹೊತ್ಕೊಂಡು ಯಾರ ಮನೆ ಬಾಗಿಲು ತಟ್ಟಲಿ? ನನ್ನನ್ನ ಮೇಲಿನವರ ಹತ್ರ ಕರ್ಕೊಂಡು ಹೋಗಿ."

ಮೇಲಿನವರು ಅಂದರೆ ಮಹಡಿಯಮ್ಮ. ನಮ್ಮ ಕಟ್ಟಡದ ಮಹಡಿಯಲ್ಲಿ ಒಬ್ಬರೇ ಇದ್ದರು. ಮೂವತ್ತು ವರ್ಷ ಮನೆಮನೆಯ ಬಾಗಿಲು ತಟ್ಟಿ ಜನಗಣತಿ ಮಾಡಿ ನಿವೃತ್ತರಾದವರು. ಸುತ್ತಮುತ್ತ ಏನು ಕಳುವಾದರೂ ಪೊಲೀಸರಿಗಿಂತ ಮೊದಲು ಜನ ಅವರ ಮೆಟ್ಟಿಲು ಹತ್ತುತ್ತಿದ್ದರು. ಸಂಜೆ ಐದಾದ ಮೇಲೆ ನನಗೆ ಹೋಗಲು ಬೇರೆ ಜಾಗವಿರಲಿಲ್ಲ, ಹಾಗಾಗಿ ಆರು ವರ್ಷದಿಂದ ಅವರ ಪ್ರತಿಯೊಂದು ಪತ್ತೇದಾರಿಗೂ ಸಾಕ್ಷಿ ನಾನೇ.

ಆಯಾ ಹೇಳಿದ್ದನ್ನೆಲ್ಲ ಕೇಳಿ ಮಹಡಿಯಮ್ಮ ಕನ್ನಡಕ ಒರೆಸಿಕೊಂಡರು. "ಬೀಗದ ಕೈ ಎಲ್ಲಿಡ್ತೀಯಮ್ಮಾ?"

"ತೂಕದ ಯಂತ್ರದ ಹಿಂದೆ, ಮೊಳೆಗೆ. ಪಾಠಕ್ಕೆ ಬರೋರಿಗೆಲ್ಲಾ ಗೊತ್ತು."

"ಬುಧವಾರ ಊಟ ಆದ್ಮೇಲೆ?"

"ಎಲ್ಲಾರೂ ಹಿತ್ತಲಲ್ಲಿ ಪಾತ್ರೆ ತೊಳೀತಾ ಇದ್ವಿ. ಆಮೇಲೆ ನಾನು ಹೊರಬಾಗಿಲಿಗೆ ಬೀಗ ಹಾಕ್ಕೊಂಡು ಹೋದೆ. ಬೆಳಿಗ್ಗೆ ಆ ಬೀಗ ಸರಿಯಾಗೇ ಇತ್ತು."

"ಪಾತ್ರೆ ತೊಳೆಯೋವಾಗ ಕೋಣೇಲಿ ಯಾರಿದ್ರು?"

"ಯಾರೂ ಇರ್ಲಿಲ್ಲಮ್ಮಾ. ಪಾಠಕ್ಕೆ ಬರೋ ಟೇಲರ್ ಮಾಮ ಮೇಜು ಒರೆಸ್ತಾ ಇದ್ರು, ಅಷ್ಟೇ."

ಮಹಡಿಯಮ್ಮ ಕೆಳಗೆ ಬಂದು ಬೀರುವನ್ನು ನೋಡಿದರು. ಬೀಗದ ಮೇಲೆ ಒಂದು ಗೀರೂ ಇರಲಿಲ್ಲ. ಆಮೇಲೆ ಗೋಡೆಯ ಮೇಲಿನ ದೊಡ್ಡ ಹಾಳೆಯ ಮುಂದೆ ನಿಂತರು. ಪ್ರತಿ ವಾರ ಡೈರಿ ಓದಿ ಮೇಡಂ ಅದರಲ್ಲಿ ಗುರುತು ಹಾಕುತ್ತಿದ್ದರು. ಕುಟುಂಬಕ್ಕೊಂದು ಸಾಲು, ಸಾಲಿಗೊಂದು ಅಂಕಿ. ತಟ್ಟೆಯಲ್ಲಿ ಬಿಟ್ಟಿದ್ದರೆ ಅಥವಾ ಬೇಡ ಅಂದಿದ್ದರೆ ಒಂದು ಕೆಂಪು ಚುಕ್ಕೆ. ಮೂರನೆಯದು ಆಯಾಳ ಸಾಲು, ಅದಕ್ಕೆ ದಡಾರ ಎದ್ದ ಹಾಗಿತ್ತು.

"ಚಿಕ್ಕವನು ಹುರುಳಿಕಾಯಿನ ಜೇಬಿಗೆ ತುಂಬ್ಕೋತಾನೆ" ಎಂದಳು ಆಯಾ, ನಾಚಿಕೊಂಡು. "ಬಟ್ಟೆ ಒಗೆಯೋವಾಗ್ಲೇ ಗೊತ್ತಾಗೋದು."

"ಹನ್ನೊಂದನೇದು ನೋಡಿ" ಎಂದೆ ನಾನು ಹೆಮ್ಮೆಯಿಂದ. ಗಂಡ, ಹೆಂಡತಿ, ಮಗಳು. ಎರಡು ವರ್ಷದಲ್ಲಿ ಒಂದೇ ಒಂದು ಚುಕ್ಕೆಯೂ ಇರಲಿಲ್ಲ.

ಮಹಡಿಯಮ್ಮ ಆ ಸಾಲಿನ ಮೇಲೆ ಬೆರಳಾಡಿಸಿದರು. ಎರಡು ವರ್ಷಗಳ ಪ್ರವೇಶದ ಅರ್ಜಿಗಳನ್ನು ತರಿಸಿಕೊಂಡು ಮೇಲೆ ಹೋದರು. ಶುಕ್ರವಾರ ಸಂಜೆ ನಾನು ಹೋದಾಗ ಅರ್ಜಿಗಳು ಅವರ ತೊಡೆಯ ಮೇಲಿದ್ದವು. ಹನ್ನೊಂದನೆಯ ಮನೆಯ ಎರಡು ಅರ್ಜಿಗಳನ್ನು ನನ್ನ ಕೈಗಿಟ್ಟು, "ಎರಡರಲ್ಲೂ ಮಗಳ ವಯಸ್ಸು ಓದಿ" ಎಂದರು.

ಎರಡರಲ್ಲೂ ಏಳು. ಎರಡನ್ನೂ ರಿಜಿಸ್ಟರಿಗೆ ಇಳಿಸಿದವನು ನಾನೇ.

"ಈ ಪತ್ತೆ ನನಗೆ ಬೇಡವಾಗಿತ್ತು ಗುಮಾಸ್ತರೇ" ಎಂದು ಅವರು ಅರ್ಜಿಗಳನ್ನು ಮಡಿಸಿಟ್ಟರು. ಮರುದಿನ ಎಲ್ಲರನ್ನೂ ಕರೆಸಲು ಹೇಳಿದರು.

ಶನಿವಾರ ಹತ್ತು ಗಂಟೆಗೆ ಎಲ್ಲರೂ ಪಾಠದ ಕೋಣೆಯಲ್ಲಿ ಸೇರಿದರು. ಪಾಠ ಶುರುವಾದಾಗಿನಿಂದ ಕೇಕು ಮಾರಾಟವಾಗುತ್ತಿಲ್ಲವೆಂದು ಹಾರಾಡುತ್ತಿದ್ದ ಬೇಕರಿಯವನನ್ನೂ ಕರೆಸಿದ್ದರು.

"ನನ್ಮೇಲೆ ಅನುಮಾನಾನಾ?" ಎಂದು ಅವನು ಕೆರಳಿದ.

"ಇಲ್ಲ" ಎಂದರು ಮಹಡಿಯಮ್ಮ. "ನೀವು ಈ ಹೊಸ್ತಿಲು ದಾಟಿದ್ದೇ ಇವತ್ತು. ಬೀಗದ ಕೈ ಎಲ್ಲಿರುತ್ತೆ ಅಂತ ನಿಮಗೆ ಗೊತ್ತಿಲ್ಲ. ಕಳ್ಳರು ಕೈ ತಗೊಂಡು, ಬೀರು ತೆಗೆದು, ಮತ್ತೆ ಬೀಗ ಹಾಕಿ, ಕೈನ ಮೊಳೆಗೆ ಸಿಗಿಸಿ ಹೋಗಿದ್ದಾರೆ. ಅಂದ್ರೆ ಪಾಠಕ್ಕೆ ಬರೋರು."

"ಹಾಗಾದ್ರೆ ಆಯಾನೇ" ಎಂದರು ಡಾಕ್ಟರು.

"ಕೈ ಅವಳ ವಶದಲ್ಲಿದೆ ಅಂತ ಊರಿಗೆಲ್ಲಾ ಗೊತ್ತು. ಅವಳು ಕದಿಯೋದಾದ್ರೆ ಬೀಗ ಒಡೆದು ಹೊರಗಿನೋರ ಕೆಲಸ ಅನ್ನೋ ಹಾಗೆ ಮಾಡ್ತಿದ್ಲು. ಇನ್ನು ಅವಳ ಕೆಂಪು ಚುಕ್ಕೆ ಎರಡು ವರ್ಷದಿಂದ ಗೋಡೆ ಮೇಲೇ ಇವೆ. ಡೈರಿ ಕದ್ದು ಅವಳು ಮುಚ್ಚಿಡೋದೇನು?"

ಮಹಡಿಯಮ್ಮ ಮೇಡಂ ಕಡೆ ನೋಡಿದರು.

"ಮೇಡಂ, ಯಾರ ಮನೆಗೆ ಹೋಗೋಣ ಅಂದ್ಕೊಂಡಿದ್ರಿ?"

"ಹನ್ನೊಂದನೇದು" ಎಂದರು ಮೇಡಂ. "ಬೇರೆ ಯಾವುದಿದೆ?"

"ಅದೇ. ಗೋಡೆ ನೋಡಿದ ಯಾರಿಗಾದ್ರೂ ಗೊತ್ತಾಗ್ತಿತ್ತು. ಆ ಮನೆಯೋರಿಗೂ ಗೊತ್ತಾಯ್ತು. ಡೈರಿ ಇಲ್ದಿದ್ರೆ ಓದೋದಿಲ್ಲ, ಆರಿಸೋದಿಲ್ಲ, ಶನಿವಾರ ಯಾರೂ ಬರೋದಿಲ್ಲ. ತಮ್ಮದೊಂದನ್ನೇ ತಗೊಂಡ್ರೆ ಸಿಕ್ಕಿಬೀಳ್ತಾರೆ. ಅದಕ್ಕೆ ಹದಿನಾಲ್ಕೂ ಹೋದ್ವು." ಅವರ ದನಿ ತಗ್ಗಿತು. "ಏಳು ವರ್ಷದ ಮಗು ಎರಡು ವರ್ಷದಲ್ಲಿ ಒಂದು ದಿನಾನೂ ಸೊಪ್ಪು ಬೇಡ ಅಂದಿಲ್ಲ. ಹೆಂಡತಿಗೆ ಒಂದು ದಿನಾನೂ ತಲೆನೋವು ಬಂದು ಊಟ ಬಿಟ್ಟಿಲ್ಲ. ಹೋದ ವರ್ಷವೂ ಆ ಮಗೂಗೆ ಏಳೇ, ಈ ವರ್ಷವೂ ಏಳೇ. ಎಷ್ಟೋ ಸಾವಿರ ಮನೆ ನೋಡಿದೀನಿ ನಾನು. ಊಟ ಬೇಡ ಅನ್ನೋರು ಒಬ್ಬರೂ ಇಲ್ಲದ ಮನೆ ಅಂದ್ರೆ ಯಾರೂ ಇಲ್ಲದ ಮನೆ. ನನ್ನ ಮನೇಲೂ ಹನ್ನೊಂದು ವರ್ಷದಿಂದ ಯಾರೂ ಬೇಡ ಅಂದಿಲ್ಲ."

ಕಿಟಕಿಯ ಪಕ್ಕ ಕೂತಿದ್ದ ಟೇಲರ್ ಮಾಮ ಎದ್ದು ನಿಂತ. ಅವನ ಹೆಗಲಲ್ಲಿ ಹೊಲಿಗೆಯ ಬಟ್ಟೆ ತುಂಬುವ ಚೀಲವಿತ್ತು. ಅದನ್ನು ಮೇಜಿನ ಮೇಲೆ ಬಗ್ಗಿಸಿದ. ಹದಿನಾಲ್ಕು ಡೈರಿಗಳು ಬಿದ್ದವು.

"ಎಲ್ಲರೂ ಪಾತ್ರೆ ತೊಳೀತಿದ್ದಾಗ ತಗೊಂಡೆ. ಸುಡೋಕೆ ಕೈ ಬರ್ಲಿಲ್ಲ" ಎಂದ. "ಪಾಠ ಕುಟುಂಬಗಳಿಗೆ ಮಾತ್ರ ಅಂತ ಬಾಗಿಲ ಮೇಲೆ ಬರೆದಿತ್ತು. ಒಂದೇ ಒಂದು ಬುಧವಾರ ಎಲ್ಲರ ಜೊತೆ ಕೂತು ಉಣ್ಣೋಣ ಅಂತ ಹೆಂಡತಿ ಮಗಳು ಇದ್ದಾರೆ ಅಂದೆ. ಆಮೇಲೆ ಡೈರಿ ಬರೀಬೇಕಾಯ್ತು. ಬರೀತಾ ಬರೀತಾ... ಸಂಜೆ ಆದ್ರೆ ಅವರ ಜೊತೇನೇ ಊಟಕ್ಕೆ ಕೂತ ಹಾಗಿರ್ತಿತ್ತು. ವಯಸ್ಸು ಹೆಚ್ಚು ಮಾಡ್ಬೇಕು ಅಂತ ಹೊಳೀಲೇ ಇಲ್ಲ."

"ಅವರಿಬ್ಬರೂ ಈಗೆಲ್ಲಿದ್ದಾರೆ?" ಎಂದು ಮೇಡಂ ಮೆಲ್ಲಗೆ ಕೇಳಿದರು.

"ಎಲ್ಲೂ ಇಲ್ಲ ಮೇಡಂ. ಯಾವತ್ತೂ ಇರ್ಲಿಲ್ಲ."

ಬಾಗಿಲ ಮೇಲಿನ ಆ ಸಾಲನ್ನು ಬರೆದು ಅಂಟಿಸಿದವನು ನಾನು. ಬರೆದವನ ಮನೆಯಲ್ಲೂ ಒಂದೇ ತಟ್ಟೆ. ಆ ಹೊತ್ತು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಆಯಾ, ತಪ್ಪಾಯ್ತು ನನ್ನಿಂದ. ಸೋಮವಾರ ಕೆಲಸಕ್ಕೆ ಬಾ. ಇವರ ಮೇಲೆ ದೂರು ಕೊಡೋದಿದ್ರೆ ಹೇಳು, ಈಗ್ಲೇ ಬರೆಸ್ತೀನಿ."

ಆಯಾ ಟೇಲರ್ ಮಾಮನ ಕಡೆ ತಿರುಗಿದಳು. "ನಾನು ಮೂರು ದಿನದಿಂದ ತಲೆ ಎತ್ತಿಲ್ಲ. ನಮ್ಮ ಬೀದಿ ನಲ್ಲಿ ಹತ್ರ ಹೋದ್ರೆ ಹೆಂಗಸ್ರು ಮಾತು ನಿಲ್ಲಿಸ್ತಾರೆ. ಅದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ನಿದ್ರಿ."

ಅವನು ಖಾಲಿ ಚೀಲವನ್ನು ಮಡಿಸಿದ.

"ದೂರು ಬೇಡ ಡಾಕ್ಟರೇ. ನಾಳೆ ಬೆಳಿಗ್ಗೆ ನಲ್ಲಿ ಹತ್ರ ಬಂದು, ಎಲ್ಲರ ಮುಂದೆ, ಕದ್ದದ್ದು ತಾನು ಅಂತ ಹೇಳಲಿ."

ಅವನು ಬರುವುದಿಲ್ಲ, ಅಂಗಡಿ ಮುಚ್ಚಿ ಊರು ಬಿಡುತ್ತಾನೆ ಎಂದುಕೊಂಡಿದ್ದೆ. ಆದರೆ ಭಾನುವಾರ ಬೆಳಿಗ್ಗೆ ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಬಕೆಟ್ಟು ಹಿಡಿದು ಇಪ್ಪತ್ತು ಜನ ಸಾಲಿನಲ್ಲಿದ್ದರು.

"ಡೈರಿ ಕದ್ದದ್ದು ನಾನು" ಎಂದ. "ಈಕೆಯಲ್ಲ."

"ಯಾಕ್ರೀ?" ಎಂದು ಸಾಲಿನಿಂದ ಯಾರೋ ಕೇಳಿದರು. "ನಿಮಗ್ಯಾಕೆ ಬೇಕಿತ್ತು ಅದು?"

ಹೇಳದೆ ಹೋಗಬಹುದಿತ್ತು. ಆಯಾ ಅದನ್ನು ಕೇಳಿರಲಿಲ್ಲ. ಅವನು ಅಂಗಿಯ ಅಂಚನ್ನು ಎಳೆದು ನೆಟ್ಟಗೆ ಮಾಡಿಕೊಂಡ.

"ನಮ್ಮನೇಲಿ ಯಾರೂ ಇಲ್ಲ. ಇದ್ದಾರೆ ಅಂತ ಬರೆದಿದ್ದೆ."

ಬಕೆಟ್ಟು ತುಂಬಿ ನೀರು ಹರಿಯುತ್ತಿದ್ದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ. ಆಯಾಳೇ ಮುಂದೆ ಹೋಗಿ ನಿಲ್ಲಿಸಿದಳು. ತನ್ನ ಬಕೆಟ್ಟು ಎತ್ತಿಕೊಂಡು, ತಲೆಯೆತ್ತಿ, ಎಲ್ಲರ ನಡುವೆ ಹಾದು ಹೊರಟಳು. ಅವನ ಹತ್ತಿರ ಬಂದಾಗ ಹೆಜ್ಜೆ ನಿಧಾನವಾಯಿತು, ಮುಖ ಮಾತ್ರ ಅವನತ್ತ ತಿರುಗಲಿಲ್ಲ.

"ಬುಧವಾರ ಒಂದು ಗಂಟೆ ಮುಂಚೆ ಬನ್ನಿ" ಎಂದಳು. "ಸೊಪ್ಪು ಬಿಡಿಸೋಕೆ ನಾನೊಬ್ಬಳೇ ಸಾಲಲ್ಲ."