ಮೀನಿನ ಗುರುತಿನ ಕೊನೆಯ ಟ್ಯೂಬು

ಐಸ್ ತುಂಬಿದ ಡಬ್ಬಿಯಲ್ಲಿ ಆ ಟ್ಯೂಬು ನಿಂತಿತ್ತು. ಬೆರಳ ತುದಿಯಷ್ಟು ಪ್ಲಾಸ್ಟಿಕ್. ಮುಚ್ಚಳದ ಮೇಲೆ ನೀಲಿ ಮಸಿಯ ಪುಟ್ಟ ಮೀನು.

"ಇದನ್ನ ಯಾರು ತೆಗೆದರು?" ಎಂದೆ.

"ನಾನೇ," ಎಂದ ಥಿಯೋ, ಕೈಗವಸು ಎಳೆದುಕೊಳ್ಳುತ್ತ. "ಫ್ರೀಜರಿನ ಮೂಲೇಲಿ ಒಂಟಿಯಾಗಿ ಕೂತಿತ್ತು. ಕೆಂಪು ಟೇಪೂ ಇರಲಿಲ್ಲ. ಯಾಕೆ?"

ನಮ್ಮ ಲ್ಯಾಬಿನಲ್ಲಿ ಮುಟ್ಟಬಾರದ್ದಕ್ಕೆ ಕೆಂಪು ಟೇಪು ಅಂಟಿಸುತ್ತೇವೆ. ಇದಕ್ಕೆ ಅಂಟಿಸುವ ಅಗತ್ಯ ಯಾವತ್ತೂ ಬಂದಿರಲಿಲ್ಲ. ನನ್ನ ಗಂಡ ಡಂಕನ್ ಹೋದ ವರ್ಷ ಮಂಜು ಕವಿದ ಹೆದ್ದಾರಿಯಲ್ಲಿ ಅಪಘಾತವಾಗಿ ತೀರಿಕೊಂಡ. ಅವನು ತಯಾರಿಸಿದ ಪ್ರೋಟೀನಿನಲ್ಲಿ ಉಳಿದದ್ದು ಇದೊಂದೇ ಟ್ಯೂಬು. ಅದೆಲ್ಲ ಇಲ್ಲಿನವರಿಗೆ ಗೊತ್ತಿತ್ತು. ಗೊತ್ತಿಲ್ಲದವನು ವಸಂತದಲ್ಲಿ ಬಂದ ಈ ಥಿಯೋ ಒಬ್ಬನೇ.

ಹೇಳಿದೆ. ಹೇಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಅವನ ಮುಖ ಬಿಳುಚಿಕೊಂಡಿತು. "ಮತ್ತೆ ಫ್ರೀಜ್ ಮಾಡಿದರೆ?"

"ಕೆಟ್ಟುಹೋಗುತ್ತೆ. ಕರಗಿದ ಮೇಲೆ ಇವತ್ತೊಂದು ದಿನ ಅದರ ಆಯಸ್ಸು."

"ಬೈದುಬಿಡಿ ಮೊರಾಗ್. ನಮ್ಮಮ್ಮ ಆಗಿದ್ದರೆ ಇಷ್ಟೊತ್ತಿಗೆ ಬೂಟು ಎಸೆದಿರೋರು."

"ನನ್ನ ಬೂಟು ಒದ್ದೆಯಾಗಿದೆ," ಎಂದೆ.

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನನಗೂ.

ಆ ಟ್ಯೂಬಿನಲ್ಲಿ ಒಂದು ಜಗಳವಿತ್ತು. ಡಿಎನ್‌ಎ ಎಂಬ ಉದ್ದನೆಯ ದಾರದ ಮೇಲೆ ಈ ಪ್ರೋಟೀನಿಗೆ ತನ್ನದೆಂಬ ಒಂದೇ ಒಂದು ಜಾಗ. ಅದು ಎಲ್ಲಿದೆಯೆಂದು ಅದಕ್ಕೆ ಗೊತ್ತಿಲ್ಲ. ಸಿಕ್ಕಲ್ಲಿ ಹತ್ತಿಕೊಂಡು ಹಿಂದಕ್ಕೂ ಮುಂದಕ್ಕೂ ಜಾರುತ್ತ ಹುಡುಕುತ್ತದೆ. ಹುಡುಕುವಾಗ ದಾರವನ್ನು ಒಂದು ಕ್ಷಣವೂ ಬಿಡುವುದಿಲ್ಲ ಎಂದು ನಾನು. ಬಿಡುತ್ತದೆ, ಚಿಮ್ಮಿ ಪಕ್ಕದಲ್ಲೇ ಮತ್ತೆ ಇಳಿಯುತ್ತದೆ ಎಂದು ಡಂಕನ್. ಬೆಳಗಿನ ಓಟ್‌ಕೇಕಿಗೆ ಬೆಣ್ಣೆ ಸವರುತ್ತ ಇದೇ ವಾದ. "ದಾರಕ್ಕೊಂದು ಅಡ್ಡಗಟ್ಟೆ ಹಾಕಿ ನೋಡೋಣ. ನೀನು ಹೇಳಿದ್ದು ಸರಿಯಾದರೆ ಅದು ಅಲ್ಲೇ ನಿಲ್ಲಬೇಕು," ಎಂದಿದ್ದ. ನೋಡುವ ಮೊದಲೇ ಹೋದ.

ಟ್ಯೂಬು ತೆರೆಯದಿದ್ದರೆ ಜಗಳ ಮುಗಿಯುವುದಿಲ್ಲ. ಜಗಳ ಮುಗಿಯುವವರೆಗೆ ಅವನು ತಿಂಡಿಯ ಮೇಜಿನ ಎದುರಿನ ಕುರ್ಚಿಯಲ್ಲಿ ಕೂತೇ ಇರುತ್ತಾನೆ. ಒಂದು ವರ್ಷ ಹಾಗೇ ಬದುಕಿದ್ದೆ.

"ಬಾ," ಎಂದೆ ಥಿಯೋಗೆ. "ಕರಗಿ ಹಾಳಾಗೋದಕ್ಕಿಂತ ನೋಡಿಬಿಡೋಣ."

ಕತ್ತಲೆಕೋಣೆಯ ಕಪ್ಪು ಪರದೆ ಎಳೆದೆವು. ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಕಂಪ್ಯೂಟರಿನಲ್ಲಿ ನೋಡಿದರೆ, ಗಾಜಿನ ಮೇಲೆ ಡಿಎನ್‌ಎ ಎಳೆಗಳು ಬಾಚಿದ ಕೂದಲಿನಂತೆ ನೇರವಾಗಿ ನಿಂತಿದ್ದವು. ಅಡ್ಡಗಟ್ಟೆಗಳು ಕೆಂಪು ಚುಕ್ಕಿ. ಟ್ಯೂಬಿನಿಂದ ಒಂದು ಹನಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ಪ್ರೋಟೀನಿನ ಹಸಿರು ಚುಕ್ಕಿಗಳು ಒಂದೊಂದಾಗಿ ಬಂದು ಎಳೆಗಳ ಮೇಲೆ ಕೂತವು, ನಡುಗಿದವು, ಜಾರತೊಡಗಿದವು.

"ಅಬ್ಬಾ," ಎಂದ ಥಿಯೋ, ಉಸಿರಿನಷ್ಟೇ ಮೆಲ್ಲಗೆ.

ಕಂಪ್ಯೂಟರಿನ ಹಸಿರು ಬೆಳಕು ಅವನ ರೆಪ್ಪೆಗಳ ಮೇಲೆ ಬಿದ್ದಿತ್ತು. ಅವನನ್ನೇ ನೋಡುತ್ತಿದ್ದೇನೆಂದು ಗೊತ್ತಾದಾಗ ತಿರುಗಿಕೊಂಡೆ. ತಡವಾಗಿತ್ತು, ಅವನೂ ನೋಡುತ್ತಿದ್ದ.

"ಚುಕ್ಕಿ ಅಲ್ಲಿದೆ," ಎಂದೆ.

"ಗೊತ್ತು ಮೇಡಂ. ಅಲ್ಲೂ ಒಂದು ಕಣ್ಣಿಟ್ಟಿದೀನಿ."

ಒಂದು ಚುಕ್ಕಿ ಕೆಂಪಿನ ಬಳಿ ಸಿಕ್ಕಿಬಿದ್ದಿತ್ತು. ಹತ್ತಿರ ಬರುತ್ತಿತ್ತು, ಹಿಂದೆ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು. ನನ್ನ ಮಾತೇ ಸರಿಯಾಗುತ್ತಿತ್ತು. ಖುಷಿಯಾಗಬೇಕಿತ್ತು. ಎದೆಯೊಳಗೆ ಯಾರೋ ಮೆಲ್ಲಗೆ ಬಾಗಿಲು ಮುಚ್ಚಿದಂತಾಯಿತು.

ನಮ್ಮೂರು ಹ್ಯಾಲಿಫ್ಯಾಕ್ಸಿನಲ್ಲಿ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಕೋಟೆಗುಡ್ಡದ ಮೇಲೆ ತೋಪು ಹಾರಿಸುತ್ತಾರೆ. ನಮ್ಮ ಮೇಜು ಅದುರಿ ಚಿತ್ರ ಕದಲುತ್ತದೆ. ಅದಕ್ಕೇ ಅಷ್ಟರೊಳಗೆ ರೆಕಾರ್ಡಿಂಗ್ ನಿಲ್ಲಿಸಿ ಸೂಪು ಕುಡಿಯಲು ಹೋಗುವುದು ಲ್ಯಾಬಿನ ಪದ್ಧತಿ. ಆವತ್ತು ಮರೆತೆ.

ಢಂ ಎಂದಿತು. ಎಳೆಗಳೆಲ್ಲ ಒಮ್ಮೆ ಕದಲಿ ನಿಂತವು. ನಮ್ಮ ಚುಕ್ಕಿ ಕೆಂಪಿನ ಆಚೆಗಿತ್ತು.

"ತೋಪಿನ ಕೆಲಸ," ಎಂದೆ ತಟ್ಟನೆ. "ಇದು ಲೆಕ್ಕಕ್ಕಿಲ್ಲ."

"ಮೇಜು ಅದುರಿದ್ದೇ ಕಾರಣವಾಗಿದ್ದರೆ ಎಲ್ಲವೂ ಜಾಗ ಬಿಡಬೇಕಿತ್ತಲ್ಲ? ಉಳಿದವು ಅಲ್ಲಲ್ಲೇ ಇವೆ."

"ಥಿಯೋ, ಬೇಡ."

"ಒಂದೇ ಸಲ ಹಿಂದೆ ಓಡಿಸಿ ನೋಡೋಣ. ನಿಮಗೆ ಬೇಡ ಅಂದರೆ ಅಳಿಸಿಬಿಡ್ತೀನಿ. ಯಾರಿಗೂ ಹೇಳಲ್ಲ."

ಅವನ ಬೆರಳು ಕೀಲಿಮಣೆಯ ಮೇಲೆ ಕಾಯುತ್ತಿತ್ತು. ಒತ್ತಲಿಲ್ಲ. ನಾನೇ ಒತ್ತಿದೆ.

ಚುಕ್ಕಿ ಕೆಂಪಿನ ಬಳಿ ಬಂತು. ಮಾಯವಾಯಿತು. ಆಚೆ ಬದಿಯಲ್ಲಿ ಮತ್ತೆ ಹೊಳೆಯಿತು. ಎಳೆಗಳು ಕದಲಿದ್ದು ಅದಾದ ಮೇಲೆ. ತೋಪಿಗೆ ಮುಂಚೆಯೇ ಅದು ಬಿಟ್ಟಿತ್ತು, ದಾಟಿತ್ತು.

ಮತ್ತೆ ಈಗಿನ ಚಿತ್ರಕ್ಕೆ ಮರಳಿದಾಗ ಆ ಚುಕ್ಕಿ ಸ್ವಲ್ಪ ದೂರ ಜಾರಿ ಒಂದು ಕಡೆ ನಿಂತಿತು. ನಡುಕವಿಲ್ಲ. ಎಳೆಯ ಮೇಲೆ ಅದರ ಜಾಗ ಅದೇ.

"ಸಿಕ್ತು ಅದಕ್ಕೆ," ಎಂದ.

"ಡಂಕನ್ ಗೆದ್ದ," ಎಂದೆ.

ನನ್ನ ಗಂಟಲಿನಿಂದ ಏನೋ ಬಂತು. ನಗು ಎಂದುಕೊಂಡೆ. ಕೆನ್ನೆ ಒದ್ದೆಯಾಗಿತ್ತು. ಮನೆಯ ಆ ಎದುರಿನ ಕುರ್ಚಿ ಮನಸ್ಸಿನಲ್ಲಿ ಮೊದಲ ಸಲ ಖಾಲಿಯಾಗಿ ಕಂಡಿತು, ಬರೀ ಕುರ್ಚಿಯಾಗಿ.

"ನಾನು ಹೊರಗಿರಲಾ?"

"ಬೇಡ."

ಮೇಜಿನ ಮೇಲೆ ಅವನ ಕೈ ನನ್ನ ಕೈಯ ಪಕ್ಕದಲ್ಲಿತ್ತು, ಮುಟ್ಟದೆ.

"ಒಂದು ತಪ್ಪು ಹೇಗೂ ಆಯ್ತು," ಎಂದ. "ಇನ್ನೊಂದನ್ನೂ ಹೇಳಿಬಿಡ್ತೀನಿ. ದಿನಾ ನಿಮ್ಮ ಬೆಂಚಿಗೆ ಬಂದು ಟೇಪು ಕೇಳ್ತೀನಲ್ಲ, ನನ್ನ ಡ್ರಾಯರಿನ ತುಂಬ ಟೇಪೇ ಇದೆ. ಬಿಚ್ಚೇ ಇಲ್ಲ. ನೀವು ತಲೆ ಎತ್ತಿ ನೋಡ್ತೀರಲ್ಲ, ಆ ಒಂದು ಗಳಿಗೆಗೆ ಬರ್ತಿದ್ದೆ."

"ಗೊತ್ತು."

"ಗೊತ್ತಿತ್ತಾ?"

"ಟೇಪು ಮುಗಿದಾಗಲೆಲ್ಲ ಸ್ಟೋರಿಗೆ ಹೋಗಿ ತರ್ತಿದ್ದೆ," ಎಂದೆ. ಗೋಡೆ ನೋಡುತ್ತ ಹೇಳಿದೆ. "ನನಗೆ ಟೇಪಿನ ಕೆಲಸವೇ ಇಲ್ಲ, ಥಿಯೋ. ನೀನು ಬಂದು ಕೇಳ್ತೀಯ ಅಂತ."

ಅವನ ಕಿರುಬೆರಳು ನನ್ನ ಕಿರುಬೆರಳನ್ನು ತಾಗಿತು. ನಡುಗಿತು. ನಿಂತಿತು.

ಟ್ಯೂಬಿನಲ್ಲಿ ಉಳಿದಿದ್ದ ಕೊನೆಯ ಹನಿಯನ್ನೂ ಗಾಜಿನ ಮೇಲೆ ಬಿಟ್ಟೆ.

"ನಾಳೆ ಹೊಸದು ತಯಾರಿಸೋಣ," ಎಂದೆ.

"ಮುಚ್ಚಳದ ಮೇಲೆ ಮೀನು ಬರೀಲಾ?"

"ಮೀನು ಅವನದು. ನೀನು ಬೇರೆ ಬರಿ."

"ನನಗೆ ದೋಣಿ ಬಿಟ್ಟರೆ ಏನೂ ಬರಲ್ಲ. ಅದೂ ಆಲೂಗಡ್ಡೆ ಥರ ಇರುತ್ತೆ."

"ಇರಲಿ," ಎಂದೆ. "ನಾನು ಗುರುತು ಹಿಡೀತೀನಿ."