ಪರದೆಯ ಆಚೆ ಕಡೆ

ನಂಬೋದಾದ್ರೆ ನಂಬಿ, ಇಲ್ದಿದ್ರೆ ಎದ್ದೋಗಿ. ಯುದ್ಧದ ಕಾಲದಲ್ಲಿ ಮಳವಳ್ಳಿ ಟೆಂಟಲ್ಲಿ ಸಿನಿಮಾ ಮಿಷನ್ ಓಡಿಸ್ತಿದ್ದೋನು ನಾನೇ. ಚಿತ್ರ ಬೀಳೋ ಪರದೆ ಟೆಂಟಿನ ನಟ್ಟನಡುವೆ; ಈಚೆ ಗಂಡಸರು, ಆಚೆ ಹೆಂಗಸರು, ಮಕ್ಕಳು. ಬಟ್ಟೆ ತೆಳು, ಎರಡು ಕಡೆಗೂ ಒಂದೇ ಚಿತ್ರ ಕಾಣೋದು.

ಅವತ್ತು ಮಕ್ಕಳಿಗೆ ಅಂತ ದೆವ್ವ ಕುಣಿಯೋ ಗೊಂಬೆ ಚಿತ್ರ ಹಾಕ್ದೆ. ಕೈಯಲ್ಲಿ ಬರೆದ ದೆವ್ವ ನಮ್ಮನ್ನೇ ನೋಡಿ ಹಲ್ಲು ಕಿರೀತು. ಎಲ್ಲಾ ನಕ್ಕರು.

ಆಟ ಮುಗಿದ ಮೇಲೆ ನನ್ನ ಹೆಂಡತಿ ಸರ್ವರ್ ಬೇಗಂ ಸಿಡುಕಿದಳು: "ಅದೇನ್ ಚಿತ್ರ ಕಣ್ರೀ? ನಮ್ ಕಡೆ ಬರೀ ಅದರ ಬೆನ್ನೇ ಕಾಣ್ತಿತ್ತು."

"ಬರೆದ ಚಿತ್ರಕ್ಕೆ ಎಲ್ಲಿಂದ ಬಂತೇ ಬೆನ್ನು?" ಅಂತ ಬೈದು, ಅವಳನ್ನೂ ಮಗಳನ್ನೂ ಮತ್ತೆ ಅಲ್ಲೇ ಕೂರಿಸಿ, ಎರಡನೇ ಆಟಕ್ಕೂ ಅದೇ ರೀಲು ಹಾಕ್ದೆ.

ಈ ಸಲ ಬೆನ್ನು ನಮ್ಮ ಕಡೆಗಿತ್ತು. ಗಾಳಿ ಇಲ್ಲದಿದ್ರೂ ಬಟ್ಟೆ ಆಚೆಗೆ ಉಬ್ಬಿತ್ತು. ಆ ಕಡೆ ಮಕ್ಕಳ ನಗು ಒಟ್ಟಿಗೇ ನಿಂತೋಯ್ತು.