ಭೀಮಬಾಯಿ ಕೊಂಡ ಸಾಣೆಕಲ್ಲು

ಶಹಾಬಜಾರದಲ್ಲಿ ಇಮಾಮುದ್ದೀನರ ಅಂಗಡಿಯ ಮುಂದೆ ಕುಳಿತು, ಸಾಣೆಕಲ್ಲುಗಳನ್ನು ಒಂದೊಂದಾಗಿ ಎತ್ತಿ ಮೂಸಿ ನೋಡುತ್ತಿದ್ದವಳು ಭೀಮಬಾಯಿಯೇ ಎಂದು ಖಚಿತವಾದಾಗ ಹತ್ತಿರ ಹೋದೆ. ಕಲ್ಲನ್ನೂ ಮೂಸುವಷ್ಟು ಕುತೂಹಲ ಬೇರೆ ಯಾರಿಗಿದ್ದೀತು?

ನಾನು ಚಕ್ರ ಹೊತ್ತು ಊರೂರು ಅಲೆದು ಸಾಣೆ ಹಿಡಿಯುವವನು. ಹದಿನೈದು ದಿನಕ್ಕೊಮ್ಮೆ ಕಮಲಾಪುರದ ದಾರಿ ಹಿಡಿಯುತ್ತಿದ್ದೆ. ಅಲ್ಲಿ ಕೆಂಪು ಬಾಳೆಯ ತೋಟಗಳಲ್ಲಿ ಗೊನೆ ಕಡಿಯುವ ಭೀಮಬಾಯಿಯ ಚಾಕು, ಅವಳ ಅಪ್ಪ ಸಾಯಬಣ್ಣನ ಕೊಡಲಿ ನನಗಾಗಿ ಕಾದಿರುತ್ತಿದ್ದವು. ಚಕ್ರ ತಿರುಗುವಷ್ಟು ಹೊತ್ತೂ ಅವಳು ಪ್ರಶ್ನೆ ಕೇಳುತ್ತಿದ್ದಳು. ಕಿಡಿ ಮೈಗೆ ಬಿದ್ದರೂ ಏಕೆ ಸುಡುವುದಿಲ್ಲ? ಕಲ್ಲಿಗೆ ನೀರೇಕೆ? ಚಾಕುವಿನ ಧಾರೆ ತೆಳುವಾದರೆ ಕೊಡಲಿಯದು ಏಕೆ ದಪ್ಪ? ನಾನು ಉತ್ತರ ಹೇಳುವಾಗ ಅವಳ ನೋಟ ನನ್ನ ಬೆರಳುಗಳ ಮೇಲಿರುತ್ತಿತ್ತು. ನನ್ನ ನೋಟ ಅವಳ ರೆಪ್ಪೆಗಳ ಮೇಲೆ.

ಈಗ ಅವಳು ತಲೆಯೆತ್ತಿ ನಕ್ಕಳು. ಬಾಳೆಯ ಬಂಡಿಯ ಜೊತೆಗೆ ಬಂದಿದ್ದಳಂತೆ.

“ಚಲೋ ಯಾಳ್ಯಾಕ್ಕ ಬಂದ್ರಿ. ಮನ್ಯಾಗ ಚಾಕು ನಾನೇ ತಿಕ್ಕೋಬೇಕು ಅಂತ ಮಾಡೀನಿ. ಇದ್ರಾಗ ಯಾವುದು ಬಾಳ್ತದ, ನೀವೇ ಆರಿಸಿ ಕೊಡ್ರಿ.”

“ಹದಿನೈದು ದಿನಕ್ಕ ನಾ ಬರತೀನಲ್ರೀ?”

“ನೀವು ಹೋಗಿ ಎಂಟು ದಿನಕ್ಕ ಮೊಂಡ ಆಗ್ತದ. ಆಮ್ಯಾಲ ಯಾರಿಗಿ ಕರೀಲಿ?”

ಆಗ ಅವಳ ಎಡಗೈ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ ಕಣ್ಣಿಗೆ ಬಿತ್ತು. ಮೊಂಡ ಚಾಕು ಗೊನೆಯ ಮೇಲಿಂದ ಜಾರಿತ್ತಂತೆ.

ಕಲ್ಲು ಆರಿಸಿಕೊಟ್ಟರೆ ಕಮಲಾಪುರದ ದಾರಿ ನನಗೆ ಮುಚ್ಚುತ್ತದೆಂದು ಗೊತ್ತಿತ್ತು. ಆ ಬಟ್ಟೆಯನ್ನು ನೋಡಿದ ಮೇಲೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ. ಡಬ್ಬಿಯೊಳಗಿನ ವಿಲಾಯತಿ ಕಲ್ಲಿಗೆ ಒಂದೂವರೆ ಸಿಕ್ಕಾ ರೂಪಾಯಿ, ದುಬಾರಿಯಾದ್ದರಿಂದ ಅದು ಬೇಡವೆಂದೆ. ಹಲ್ಲುಹಲ್ಲಿನ ಕಬ್ಬಿಣದ ಅರ ಕೊಡಲಿ ಮುಕ್ಕಾದಾಗ ಮಾತ್ರ ಬೇಕಾಗುವಂಥದು, ಅದನ್ನೂ ಬದಿಗಿಟ್ಟೆ. ಕೊಡಲಿಗೆ ಒರಟು ಮರಳುಗಲ್ಲೊಂದನ್ನು ತೆಗೆದಿಟ್ಟೆ. ಚಾಕುವಿಗೆ ನುಣುಪಾದ ಕರಿಯ ಕಲ್ಲು. ಮೂಲೆ ಒಡೆದಿದ್ದರಿಂದ ಅರ್ಧ ಬೆಲೆಗೆ ಸಿಗುತ್ತಿತ್ತು, ತಿಕ್ಕುವ ಮೈಗೆ ಯಾವ ಊನವೂ ಇರಲಿಲ್ಲ.

ಕಲ್ಲನ್ನು ಪರೀಕ್ಷಿಸಲು ಇಮಾಮುದ್ದೀನರು ಅವಳ ಚಾಕು ಕೇಳಿ ಪಡೆದರು. ಅಲಗಿನ ಮೇಲೆ ಬೆರಳಾಡಿಸಿದವರು ಹುಬ್ಬು ಗಂಟಿಕ್ಕಿದರು.

“ಬೇಟಿ, ಸಾಣೆ ಹಿಡದಾಗ ಧಾರಿ ಮ್ಯಾಲ ಕೂದಲಿನಂಥ ಮುಳ್ಳು ಏಳ್ತದ. ತೊಗಲಿಗೆ ಉಜ್ಜಿ ಅದನ್ನ ತೆಗೀಬೇಕು. ಬಿಟ್ಟರ ಇವತ್ತು ಬೆಂಕಿಹಂಗ ಕೊಯ್ತದ, ಎಂಟು ದಿನಕ್ಕ ಮಡಚಿ ಮೊಂಡ ಆಗ್ತದ. ಇದರಾಗ ಇನ್ನೂ ಅದರ ಗುರುತು ಅದ. ಹಿಡದಾಂವ ಹೊಸಬ ಇರಬೇಕು, ಇಲ್ಲಾ ತಿರುಗಿ ಕರಸ್ಕೊಳ್ಳೋ ಆಸೆ ಇದ್ದಾಂವ ಇರಬೇಕು.”

ಭೀಮಬಾಯಿ ನಿಧಾನವಾಗಿ ನನ್ನತ್ತ ತಿರುಗಿದಳು. ಕಿಡಿಯ ಬಗ್ಗೆ ಕೇಳುವಾಗ ಇರುತ್ತಿದ್ದ ನೋಟವೇ ಈಗಲೂ ಅವಳ ಕಣ್ಣಲ್ಲಿತ್ತು.

“ನೀವು ಹೊಸಬರೇನ್ರೀ?”

“ಹನ್ನೆರಡು ವರ್ಷ ಆಯ್ತು ಈ ಕೆಲಸಕ್ಕ.”

“ಊರಾಗ ಮತ್ತ ಯಾರ ಚಾಕುದಾಗ ಮುಳ್ಳು ಬಿಟ್ಟೀರಿ?”

“ಯಾರದ್ರಾಗೂ ಇಲ್ಲ. ನಿಮ್ಮದ್ರಾಗ ಅಷ್ಟೇ. ನೀವು ನನ್ನ ದಾರಿ ಕಾಯಲಿ ಅಂತ. ಬೆರಳಿಗಿ ಪೆಟ್ಟಾಗ್ತದ ಅನ್ನೋದು ತಲಿಗಿ ಹೊಳೀಲಿಲ್ಲ.”

ಅವಳ ತುಟಿಯ ಅಂಚು ಒಂದು ಕ್ಷಣ ಕೊಂಕಿ, ಮತ್ತೆ ಬಿಗಿಯಿತು. ಮುಳ್ಳು ತೆಗೆಯುವುದನ್ನು ಕಲಿಸಿಕೊಡಿ ಎಂದಳು. ಅಂಗಡಿಯ ತೊಗಲ ಪಟ್ಟಿಯ ಮೇಲೆ ಅಲಗನ್ನು ಹಿಂದಕ್ಕೆ ಎಳೆಯುವ ಬಗೆ ತೋರಿಸಿದೆ. ಮೂರನೆಯ ಸಲಕ್ಕೆ ಅವಳಿಗೆ ಕೈ ಕೂಡಿಬಂತು. ಅವಳ ಮನೆಯಲ್ಲಿ ಇನ್ನು ನನಗೆ ಕೆಲಸವಿರಲಿಲ್ಲ.

“ನಮ್ಮ ಮನಿಗಿ ಇನ್ನ ಚಕ್ರ ಹೊತ್ತು ಬರಬ್ಯಾಡ್ರಿ,” ಎಂದಳು.

ತಲೆತಗ್ಗಿಸಿ ಹೊರಟೆ.

“ಚಕ್ರ ಬ್ಯಾಡ ಅಂದೀನಿ. ಬರಬ್ಯಾಡ್ರಿ ಅಂದೀನೇನು?” ಕಲ್ಲುಗಳನ್ನು ಸೆರಗಿನಲ್ಲಿ ಗಂಟು ಹಾಕುತ್ತ, ಮುಖ ಎತ್ತದೆಯೇ ಮಾತು ಮುಂದುವರಿಸಿದಳು. “ಮೊದಲ ಅಪ್ಪನ ಮುಂದ ಮುಳ್ಳಿನ ಮಾತು ಖರೆ ಹೇಳ್ರಿ. ಆಮ್ಯಾಲ ಏನು ಕೇಳೋದದ ಕೇಳ್ರಿ.”

ನನ್ನ ಪರವಾಗಿ ಹೆಣ್ಣು ಕೇಳಲು ಹಿರಿಯರಿರಲಿಲ್ಲ. ಕಳ್ಳನನ್ನು ಹಿಡಿದುಕೊಟ್ಟವನೇ ಜಾಮೀನೂ ನಿಲ್ಲಬೇಕಾಯಿತೆಂದು ಗೊಣಗುತ್ತ, ಶುಕ್ರವಾರ ಅಂಗಡಿ ಮುಚ್ಚಿ ಇಮಾಮುದ್ದೀನರೇ ನನ್ನೊಡನೆ ಕಮಲಾಪುರಕ್ಕೆ ಬಂದರು.

ಸಾಯಬಣ್ಣನ ಎದುರು ಎಲ್ಲವನ್ನೂ ಹೇಳಿ, ಕೇಳಬೇಕಾದ್ದನ್ನೂ ಕೇಳಿದೆ. ಆತ ಮಗಳನ್ನು ಕರೆದು, ಬೆರಳಿನ ಗಾಯ ಹೇಗಿದೆಯೆಂದು ಕೇಳಿದ. ಬಟ್ಟೆಯ ಸುತ್ತು ಇನ್ನೂ ಹಾಗೆಯೇ ಇತ್ತು. ಅದರ ಅಂಚಿನಲ್ಲಿ ಹಸಿ ರಕ್ತದ ಚುಕ್ಕೆಯೊಂದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಭೀಮಬಾಯಿ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

“ಮಾಯ್ದದ ಅಪ್ಪ,” ಎಂದಳು. “ಈಗೇನೂ ನೋಯೂದಿಲ್ಲ.”